ಅಕ್ಕೋರ ಮರೆವಿಗೆ ಕಸರತ್ತು

ನಗುವಂಥ ಸಂಗತಿ ನಮ್ಮಲ್ಲಿ ದಿನಕ್ಕೊಂದಾದರೂ ನಡೆಯುತ್ತಿತ್ತು. ನಗು ಬರುತ್ತಿದ್ದುದು ಮಾತ್ರ ಎದೆಯ ಡವಡವ ತಗ್ಗಿದ ಮೇಲೆ. ನಾನಾಗ ಗಂಗಾವತಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಊರವರ ಬಾಯಲ್ಲಿ 'ಅಕ್ಕೋರು'. ಎಂಬತ್ತರ ದಶಕದ ನಡುವೆ ಕಾಲು ಎಡವತೊಡಗಿತು, ಕಣ್ಣು ಮಂಜಾಯಿತು, ನಾಲಿಗೆ ತುದಿಗೆ ಬಂದ ಹೆಸರು ಅಲ್ಲೇ ಕೂತುಬಿಡತೊಡಗಿತು. ಬೆಂಗಳೂರಿನ ಡಾಕ್ಟರು ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಹೊದಿಕೆ ಸವೆಯುವ ಕಾಯಿಲೆಯಂತೆ. ಔಷಧದ ಜೊತೆ ನೆನಪಿಗೂ ಕಸರತ್ತು ಬೇಕೆಂದು ಕೆಲವನ್ನು ಹೇಳಿಕೊಟ್ಟರು. ನನಗಿದ್ದದ್ದು ಒಂದೇ ಭಯ: ಮಕ್ಕಳ ಹೆಸರೇ ಮರೆತರೆ ನೌಕರಿ ಉಳಿದೀತೇ?

೧. ಸ್ಟೋವಿನ ಮುಂದೆ

ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತ ಮಾಡಬೇಕು, ಇದು ಮೊದಲ ಕಸರತ್ತು. "ಸ್ಟೋ ಹಚ್ಚಿದೆ. ಹಾಲು ಇಟ್ಟೆ. ಇಲ್ಲೇ ನಿಂತೀನಿ." ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಮೂರು ದಿನ ಕೇಳಿಸಿಕೊಂಡು, ನಾಲ್ಕನೆಯ ದಿನ ಬೇವಿನ ಸೊಪ್ಪು ಹಿಡಿದು ಒಳಗೆ ನುಗ್ಗಿದಳು.

"ಯಾವೂರಿಂದ ಬಂದೀ? ಹೇಳು!"

ಗಾಬರಿಯಲ್ಲಿ ನನ್ನ ತವರೂರು ಹೇಳಿದೆ: "ನವಲಿಯಿಂದ್ರಿ."

"ಸುಳ್ಳ ಹೇಳಬ್ಯಾಡ! ನವಲಿಯಾಕಿ ನಮ್ಮ ಅಕ್ಕೋರು. ಅವರ ಮೈಯಾಗ ಕುಂತಾಕಿ ನೀ ಯಾವೂರಾಕಿ? ಏನ ಬೇಕು ನಿನಗ?"

"ಹಾಲ ಉಕ್ಕಾಕ ಹತ್ತೈತ್ರಿ ಅಮ್ಮಾ, ದಾರಿ ಬಿಡ್ರಿ!"

ಅಜ್ಜಿ ಓಣಿಗೆ ಓಡಿಹೋಗಿ ಕೂಗಿದಳು: "ಛಲೋ ದೆವ್ವ ಐತಿ! ಕೋಳಿ ಕೇಳವಲ್ದು, ಬರೇ ಹಾಲು!"

೨. ಹತ್ತನೆಯ ಸಾಮಾನು

ತಟ್ಟೆಯಲ್ಲಿ ಹತ್ತು ಸಾಮಾನು ನೋಡಿ, ವಸ್ತ್ರ ಮುಚ್ಚಿದ ಮೇಲೆ ಏನೇನಿತ್ತೆಂದು ಹೇಳಬೇಕು. ನಮ್ಮ ಮನೆಯವರು ಪರೀಕ್ಷಕರ ಗತ್ತಿನಲ್ಲಿ ಕೂತರು. ಒಂಬತ್ತು ಹೇಳಿದೆ. ಹತ್ತನೆಯದು ಬರಲೇ ಇಲ್ಲ; ಕಣ್ಣಲ್ಲಿ ನೀರು ಬಂತು. "ಇರ್ಲಿ ಬಿಡು, ನಾಳೆ ನೋಡೂಣು" ಎಂದು ಅವರು ಮುಚ್ಚಿದ ತಟ್ಟೆಯನ್ನು ಹಾಗೇ ಎತ್ತಿಟ್ಟರು. ಮರುದಿನ ಆಫೀಸಿಗೆ ಹೊರಟವರು ಕನ್ನಡಕಕ್ಕಾಗಿ ಮನೆಯೆಲ್ಲ ಜಾಲಾಡತೊಡಗಿದರು.

"ಹತ್ತನೇದು ಈಗ ನೆನಪಾತು ನೋಡ್ರಿ" ಎಂದೆ.

೩. ಇನ್‌ಸ್ಪೆಕ್ಟರ್ ಸಾಹೇಬರು

ಮಕ್ಕಳ ಹೆಸರಿಗೆ ಒಂದು ನಕಾಶೆ ಮಾಡಿಕೊಂಡಿದ್ದೆ: ಯಾವ ಸಾಲಿನಲ್ಲಿ ಎಲ್ಲಿ ಯಾರು ಕೂರುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಯಾರೂ ಜಾಗ ಬದಲಿಸದಿದ್ದರೆ ನಾನು ಯಾವ ಮಾಸ್ತರಿಗೂ ಕಡಿಮೆಯಿಲ್ಲ. ಅಷ್ಟರಲ್ಲಿ "ನೆನಪಿಲ್ಲದಾಕಿ ಏನ ಕಲಿಸ್ತಾಳ?" ಎಂದು ಯಾರೋ ಶಿಕ್ಷಣ ಇಲಾಖೆಗೆ ಅರ್ಜಿ ಬರೆದರು. ಇನ್‌ಸ್ಪೆಕ್ಟರು ನೆಟ್ಟಗೆ ನನ್ನ ಕ್ಲಾಸಿಗೇ ಬಂದರು. ಅದಕ್ಕೂ ಮುಂಚೆ ನಮ್ಮ ಹೆಡ್‌ಮಾಸ್ತರು, ಎಲ್ಲ ಹೆಡ್‌ಮಾಸ್ತರರಂತೆ, ಜಾಣ ಮಕ್ಕಳನ್ನು ಮುಂದಿನ ಸಾಲಿಗೆ ತಂದು ಉಳಿದವರನ್ನು ಹಿಂದಕ್ಕೆ ತಳ್ಳಿದ್ದರು. ನನಗೆ ಹೇಳಿರಲಿಲ್ಲ.

ಸಾಹೇಬರು ಹಾಜರಿ ಪುಸ್ತಕ ಬಿಚ್ಚಿ, ಪೆನ್ನು ತೆಗೆದು ಕೂತರು. ನಾನು ನಕಾಶೆಯ ಮೇಲೆ ಕಣ್ಣಿಟ್ಟು, ಮೊದಲ ಜಾಗಕ್ಕೆ ಬೆರಳು ತೋರಿಸಿ, "ಬಸವರಾಜ, ಪದ್ಯ ಹೇಳು" ಎಂದೆ.

ಎದ್ದು ನಿಂತದ್ದು ಎರಡು ಜಡೆಯ ಹುಡುಗಿ. ನೌಕರಿ ಹೋಯಿತು ಅಂದುಕೊಂಡೆ. ಅವಳು ಮಾತ್ರ ತಡವರಿಸದೆ ಪದ್ಯ ಪೂರ್ತಿ ಒಪ್ಪಿಸಿದಳು.

ಸಾಹೇಬರು ಹುಬ್ಬೇರಿಸಿದರು. "ಏನವ್ವಾ, ನಿನ್ನ ಹೆಸರು ಬಸವರಾಜ ಏನು?"

ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು.

"ಇವತ್ತ ಹೌದ್ರಿ."

ಸಾಹೇಬರು ನಗು ತಡೆಯಲಾರದೆ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಮತ್ತ ನಾಳೆ?"

"ನಾಳೆನೂ ಇದೇ ಅಕ್ಕೋರು ಬರೂದಾದ್ರ, ಏನಂತ ಕರದ್ರೂ ಹೌದ್ರಿ."