ಹುಲ್ಲಹಳ್ಳಿಯಲ್ಲಿ ಬಡ್ಡಿ ಇಳಿಸುವವರು

ದೇಶದ ಬಡ್ಡಿ ದರ ಮುಂಬಯಿಯಲ್ಲಿ ತೀರ್ಮಾನವಾಗುತ್ತದೆಂದು ನಂಬಿದ್ದೀರಾ? ಪಾಪ, ಹಾಗಾದರೆ ಹುಲ್ಲಹಳ್ಳಿಯ ನಮ್ಮ ಸೋದರತ್ತೆಯನ್ನು ನೀವು ಕಂಡಿಲ್ಲ! ಮುಂಬಯಿಯಲ್ಲಿ ನಡೆಯುವುದು ಬರೀ ಘೋಷಣೆ. ಜಾರಿಗೆ ಬರುವುದು ನಮ್ಮತ್ತೆಯ ಜಗಲಿಯ ಮೇಲೆ.

ಮಾವ ಬಿಟ್ಟುಹೋದ ಠೇವಣಿಯ ಬಡ್ಡಿಯಲ್ಲೇ ಅತ್ತೆಯ ಜೀವನ. ಬ್ಯಾಂಕುಗಳಿಗೆಲ್ಲ ಯಜಮಾನನಾದ ದೊಡ್ಡ ಬ್ಯಾಂಕಿನವರು ಬಡ್ಡಿಯ ವಿಷಯ ಹೇಳುವ ದಿನ ಅತ್ತೆ ತಲೆಗೆ ಸ್ನಾನ ಮಾಡಿ ಟಿವಿ ಮುಂದೆ ಕೂರುತ್ತಾರೆ. ಮಿಕ್ಸಿ ಬಂದ್! ಕುಕ್ಕರ್ ಕೂಗುವ ಹಾಗಿಲ್ಲ! ನಾನೊಮ್ಮೆ ಕೆಮ್ಮಿದ್ದಕ್ಕೆ, "ಗವರ್ನರ್ ಮಾತಾಡ್ತಾವ್ರೆ, ಆಚೆಗೋಗಿ ಕೆಮ್ಲಾ!" ಎಂದು ಅಟ್ಟಿದ್ದರು.

"ಅವರು ಇಳಿಸಿದರೆ ಒಳ್ಳೆಯದೇ ಅಲ್ಲವೇ ಅತ್ತೆ?" ಎಂದು ಕೇಳಿ ಕೆಟ್ಟೆ.

"ಯಾರ್ಗ್ಲಾ ಒಳ್ಳೇದು? ಇರೋನು ಅಗ್ಗದ ಸಾಲ ತಂದು ರೋಡ್ ಪಕ್ಕ ಇನ್ನೊಂದು ಸೈಟ್ ತಕ್ಕತಾನೆ. ಸೈಟ್ ರೇಟು ಏರ್ತದೆ, ಅವ್ನು ಇನ್ನೂ ದೊಡ್ಡೋನಾಯ್ತಾನೆ. ನಮ್ಮ ಜಯಮ್ಮನ್ನ ಬ್ಯಾಂಕ್ನೋರು ಒಳಕ್ಕೇ ಬುಡಾಕಿಲ್ವಲ್ಲ!"

ಜಯಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು. ಮೀಟರ್ ಬಡ್ಡಿಯವನ ಕೈಗೆ ಸಿಕ್ಕು ಒದ್ದಾಡುತ್ತಿದ್ದಳು. ಅತ್ತೆ ಠೇವಣಿಯಲ್ಲಿ ಒಂದು ಪಾಲು ಮುರಿಸಿ ಅವಳಿಗೆ ಸಾಲ ಕೊಟ್ಟುಬಿಟ್ಟರು. ಬಡ್ಡಿಗೇ ಮತ್ತೆ! "ಪುಕ್ಕಟೆ ಕೊಟ್ರೆ ಅವ್ಳು ಮುಟ್ಟಾಕಿಲ್ಲ" ಎಂದರು. ದೊಡ್ಡ ಬ್ಯಾಂಕು ಇಳಿಸಿದಾಗಲೆಲ್ಲ ಅತ್ತೆಯೂ ಇಳಿಸಬೇಕು, ಇದು ಕರಾರು.

"ಅವರು ಏರಿಸಿದರೆ?"

"ಆಗ ನಮ್ದು ಮೀಟಿಂಗೇ ಸೇರಾಕಿಲ್ಲ ಕಣ್ಲಾ. ಕೋರಂ ಇರಾಕಿಲ್ಲ!"

ಇಂಥ ಬ್ಯಾಂಕನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನಂತೂ ಬೆರಗಾಗಿ ಕೈ ಮುಗಿದೆ.

ಮೊನ್ನೆ ಬಡ್ಡಿ ಮತ್ತೆ ಇಳಿಯಿತು. ನರಸೀಪುರದಲ್ಲಿ ಕಟ್ಟಿಸಿದ ನನ್ನ ಮನೆ ಸಾಲದ ಕಂತೂ ಇಳಿಯಿತು. ಖುಷಿಗೆ ಮೈಸೂರು ಪಾಕಿನ ಪೊಟ್ಟಣ ಹಿಡಿದು ಹುಲ್ಲಹಳ್ಳಿಗೆ ಓಡಿದೆ. ಜಗಲಿಯ ಮೇಲೆ ಘೋಷಣೆ ನಡೆದಿತ್ತು: "ಈ ತಿಂಗ್ಳಿಂದ ನಿಂಗೂ ಇಳಿಸಿವ್ನಿ ಕಣೆ ಜಯಮ್ಮ."

"ಅತ್ತೆ, ನಿಮ್ಮ ಠೇವಣಿ ಬಡ್ಡಿಯೂ ಬೀಳುತ್ತೆ! ಇಲ್ಲೂ ಇಳಿಸಿದರೆ ನಿಮಗೇನು ಉಳಿಯುತ್ತೆ?"

"ಮೇಲೆ ಇಳಿಸಿದ್ದು ಕೆಳಗಿನ್ ತಂಕ ಬರ್ಬೇಕೋ ಬ್ಯಾಡ್ವೋ? ಸುಮ್ಕಿರು, ಕಾಫಿ ತತ್ತೀನಿ."

ಡಿಕಾಕ್ಷನ್ ತೆಳ್ಳಗಿದೆಯೆಂದು ಬೀಗರ ಮನೆಯಲ್ಲೇ ಲೋಟ ವಾಪಸ್ ಕಳಿಸಿದ ಹೆಂಗಸು ನಮ್ಮತ್ತೆ! ನನಗೂ ಜಯಮ್ಮನಿಗೂ ಘಮಘಮ ಕಾಫಿ ಬಂತು. ಅತ್ತೆಯ ಲೋಟದಲ್ಲಿ ಮಾತ್ರ ಬರೀ ಬೆಲ್ಲದ ಬಿಸಿನೀರು.

"ನಿಮಗೆ ಕಾಫಿ?"

"ಬುಟ್ಬುಟ್ಟೆ ಕಣ್ಲಾ, ಓದ್ಸಲ ಬಡ್ಡಿ ಇಳಿದಾಗ್ನಿಂದ. ಎದೆಯುರಿ."

ಎದೆಯುರಿಗೂ ಗವರ್ನರೇ ಕಾರಣವೇ! ನಾನು ನಗಲು ಹೊರಟೆ; ಜಯಮ್ಮ ನಗಲಿಲ್ಲ. ಅವಳು ಎದ್ದು ಅತ್ತೆಯ ಲೋಟದ ಬೆಲ್ಲದ ನೀರನ್ನು ಅಂಗಳಕ್ಕೆ ಚೆಲ್ಲಿದಳು. ತಾನಿನ್ನೂ ಬಾಯಿಗಿಡದ ಕಾಫಿಯಲ್ಲಿ ಅರ್ಧವನ್ನು ಆ ಲೋಟಕ್ಕೆ ಸುರಿದಳು.

"ಇದು ನನ್ ಬಡ್ಡಿ ಕಣ್ರವ್ವ. ಇದ್ನ ಇಳ್ಸಂಗಿಲ್ಲ."

ಅತ್ತೆ ಲೋಟ ಎತ್ತಿಕೊಂಡರು. ಕಣ್ಣು ಮುಚ್ಚಿ ಮೊದಲ ಗುಟುಕು ಹೀರಿದರು. ನಮ್ಮ ಮೂವರಲ್ಲಿ ಬಡ್ಡಿ ಇಳಿದು ಹೆಚ್ಚು ಲಾಭ ಕಂಡವನು ನಾನು. ತುಂಬಿದ ಲೋಟವೂ ನನ್ನ ಕೈಯಲ್ಲೇ ಇತ್ತು. ಒಂದು ಗುಟುಕೂ ಕುಡಿಯಲಾಗಲಿಲ್ಲ.