ಚಿಕ್ಕಪ್ಪನ ಒಪ್ಪಂದಕ್ಕೆ ಸಿಗದ ಅರಕಲಗೂಡು

ನಮ್ಮ ಚಿಕ್ಕಪ್ಪ ಈ ಭೂಮಂಡಲವನ್ನು ಮಾರಿರೋಗಗಳಿಂದ ಕಾಪಾಡಿದವರು. ನಗಬೇಡಿ, ನಿಜ! ಅವರ ಕೈಗೆ ಸಿಗದೆ ಉಳಿದ ಪ್ರದೇಶ ಒಂದೇ ಒಂದು. ಅದು ಅರಕಲಗೂಡು.

ಅವರ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ರೋಗಾಣುಗಳನ್ನು ಬೆಳೆಸಿ ಆಯುಧ ಮಾಡಿಕೊಳ್ಳುವುದಿಲ್ಲ ಎಂದು ಪ್ರಪಂಚದ ದೇಶಗಳು ಎಪ್ಪತ್ತರ ದಶಕದಲ್ಲೇ ಒಂದು ಒಪ್ಪಂದ ಮಾಡಿಕೊಂಡಿವೆ. ಸಹಿ ಹಾಕುವುದೇನು ಮಹಾ? ಪೆನ್ನಿದ್ದರೆ ಸಾಕು. ಆಮೇಲಿನದೇ ಪೇಚಾಟ. ಪ್ರತಿ ದೇಶವೂ ತನ್ನಲ್ಲಿ ಅದಕ್ಕೊಂದು ಕಾನೂನು ಮಾಡಬೇಕು, ವಿಚಾರಿಸಿದರೆ ಉತ್ತರ ಕೊಡಲು ಒಬ್ಬರನ್ನು ಗೊತ್ತುಮಾಡಬೇಕು, ವರ್ಷಕ್ಕೊಮ್ಮೆ ತನ್ನ ಲ್ಯಾಬುಗಳ ವಿವರವನ್ನು ಫಾರಂ ತುಂಬಿ ಕಳಿಸಬೇಕು. ಇದ್ಯಾವುದನ್ನೂ ಮಾಡದೆ ಕೂತ ಸಣ್ಣಪುಟ್ಟ ದೇಶಗಳಿಗೆ ಹೋಗಿ, ಜೊತೆಗೆ ಕೂತು ಮಾಡಿಸಿ ಬರುವ ತಂಡವೊಂದು ಜಿನೀವಾದಿಂದ ಹೊರಡುತ್ತಿತ್ತು. ಎರಡು ಸಾವಿರದ ಏಳೆಂಟರ ಸುಮಾರಿಗೆ ಅದರಲ್ಲಿ ನಮ್ಮ ಚಿಕ್ಕಪ್ಪನೂ ಇದ್ದರು. ದನಕುರಿಗಳ ಲಸಿಕೆ ತಯಾರಿಸುವ ಲ್ಯಾಬಿನಲ್ಲಿ ಆಯುಸ್ಸು ಕಳೆದು ನಿವೃತ್ತರಾದವರು. ನೆಂಟರಿಗಿಂತ ರೋಗಾಣುಗಳ ಪರಿಚಯವೇ ಅವರಿಗೆ ಚೆನ್ನಾಗಿತ್ತು.

ಹಾಸನದ ಬಸ್‌ ಸ್ಟ್ಯಾಂಡಿನಲ್ಲಿ ಅವರ ಸೂಟ್‌ಕೇಸ್ ಎತ್ತಿಡುತ್ತಾ ಆಟೋದವನು ಕೇಳಿದ: "ಏನ್ ಕೆಲ್ಸ ಸಾ ತಮ್ದು?"

"ಜೈವಿಕ ಅಸ್ತ್ರಗಳನ್ನ ತಡೆಯೋದಪ್ಪ."

ಆಟೋದವನು ಸೂಟ್‌ಕೇಸನ್ನು ಮೆಲ್ಲಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ಇದ್ರೊಳಗೆ ಅದೇ ಐತಾ ಸಾ?"

"ಇದ್ರೊಳಗೆ ಬರೀ ಫಾರಂ ಇದೆ ಕಣಯ್ಯಾ!"

"ಅಂಗಾದ್ರೆ ಸರಿ ಬನ್ನಿ. ಫಾರಂ ಅಂದ್ರೆ ನಂಗೂ ಭಯವೇಯ."

ತಂಡದಲ್ಲಿ ಚಿಕ್ಕಪ್ಪನ ಬೆಲೆ ಏರಿದ್ದು ಒಂದೇ ಒಂದು ಮಾತಿನಿಂದ. ಯಾವುದೋ ಸಭೆಯಲ್ಲಿ ಎಲ್ಲರೂ, 'ಎಷ್ಟು ಪತ್ರ ಬರೆದರೂ ಈ ದೇಶಗಳು ಉತ್ತರಿಸುತ್ತಿಲ್ಲ' ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಇವರು ಎದ್ದು ನಿಂತು, "ಮಾನ್ಯರೇ, ನಮ್ಮ ಕಡೆ ಮದುವೆಗೆ ಪೋಸ್ಟಿನಲ್ಲಿ ಕರೆದರೆ ಯಾರೂ ಬರುವುದಿಲ್ಲ. ಮನೆ ಬಾಗಿಲಿಗೆ ಹೋಗಬೇಕು, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಕಾಫಿ ಕುಡಿದು, ಅವರ ಕಷ್ಟಸುಖ ಕೇಳಿ, ಎದ್ದು ಬರುವಾಗ ಕರೆಯಬೇಕು" ಎಂದರಂತೆ. ಸಭೆಯಲ್ಲಿ ಚಪ್ಪಾಳೆಯಂತೆ!

ಹೀಗೆ ಒಂದು ದ್ವೀಪರಾಷ್ಟ್ರಕ್ಕೆ ಹೋದರು. ನಮ್ಮಲ್ಲಿ ಕರೆಯಲು ಹೋದರೆ ಮೊದಲ ಕರೆ ಮನೆಯ ಹಿರಿಯರಿಗೆ ತಾನೇ? ಆ ಸರ್ಕಾರಿ ಕಚೇರಿಯಲ್ಲಿ ಇವರು ಸುತ್ತ ನೋಡಿದರು. ತಲೆ ಪೂರ್ತಿ ನೆರೆತ ಒಬ್ಬರು ಮೂಲೆಯಲ್ಲಿ ನಿಂತಿದ್ದರು. ಚಿಕ್ಕಪ್ಪ ನೇರ ಹೋಗಿ, ಬಗ್ಗಿ ನಮಸ್ಕರಿಸಿ, ಒಪ್ಪಂದದ ಕಡತವನ್ನು ಎರಡೂ ಕೈಯಲ್ಲಿ ಅವರಿಗೇ ಕೊಟ್ಟರು. ಆತ ಅಲ್ಲಿಯ ಜವಾನ! ಪಕ್ಕದಲ್ಲೇ ನಿಂತಿದ್ದ ಮೂವತ್ತೆರಡರ ಹರೆಯದ ಮಂತ್ರಿಯ ಮುಖ ಹೇಗಾಗಿರಬೇಡ? ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜವಾನ ಕಡತದ ಮೇಲಿನ ಮುದ್ರೆ ನೋಡಿದವನೇ ಒಳಗೆ ಹೋಗಿ, ಹಗ್ಗ ಕಟ್ಟಿದ ಒಂದು ಕಂತೆ ತಂದಿಟ್ಟ. ಜಿನೀವಾದಿಂದ ಅಷ್ಟು ವರ್ಷ ಬಂದ ಪತ್ರಗಳೆಲ್ಲ ಅದರಲ್ಲಿ ಭದ್ರವಾಗಿದ್ದವು. ಯಾವ ಇಲಾಖೆಗೆ ಕೊಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲವಂತೆ. ಅದೇ ವರ್ಷ ಆ ದೇಶದಲ್ಲಿ ಕಾನೂನಿನ ಕರಡು ತಯಾರಾಯಿತು.

ಗೆದ್ದು ಬಂದವರು ಸುಮ್ಮನಿರುತ್ತಾರೆಯೇ? ಹಾಸನದ ಮನೆಯಲ್ಲೂ ಒಪ್ಪಂದ ಜಾರಿಗೆ ಬಂತು. ಚಿಕ್ಕಮ್ಮನ ಅಡುಗೆಮನೆಯೇ ಲ್ಯಾಬು.

"ಇಲ್ಲಿ ಬೆಳೆಸ್ತಾ ಇರೋ ಸೂಕ್ಷ್ಮಜೀವಿಗಳು?"

"ದೋಸೆ ಹಿಟ್ಟು. ಹೆಪ್ಪು ಹಾಕಿದ ಮೊಸರು."

"ಉದ್ದೇಶ ಶಾಂತಿಯುತವೇ?"

ಚಿಕ್ಕಮ್ಮ ಚನ್ನರಾಯಪಟ್ಟಣದವರು, ಬಾಯಲ್ಲಿ ಸೋತವರಲ್ಲ. "ಇಲ್ಲೀವರೆಗೂ ಶಾಂತಿಯುತ. ಇನ್ನೊಂದ್ ಪ್ರಶ್ನೆ ಕೇಳಿ, ಆಮೇಲೆ ಗ್ಯಾರಂಟಿ ಇಲ್ಲ!" ಎಂದು ಸೌಟು ಎತ್ತಿದರು. ತಪಾಸಣೆ ಅಲ್ಲಿಗೆ ಮುಗಿಯಿತು.

ಇವೆಲ್ಲ ನನಗೆ ಬಂಡವಾಳ. ಬಿ.ಕಾಂ.ನಲ್ಲಿ ಎರಡು ವಿಷಯ ಉಳಿಸಿಕೊಂಡು ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅಪ್ಪನ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಚಿಕ್ಕಪ್ಪನಂತೆ ಕನ್ನಡಕ ಮೂಗಿನ ತುದಿಗಿಳಿಸಿ, ಗಂಟಲು ಕೆರೆದು, "ಮಾನ್ಯರೇ..." ಎಂದರೆ ನೆಂಟರ ಮನೆಯಲ್ಲಿ ಊಟ ಗ್ಯಾರಂಟಿ. ಎಲ್ಲಕ್ಕಿಂತ ಒಳ್ಳೆಯ ಊಟ ಸಿಗುತ್ತಿದ್ದದ್ದು ಅರಕಲಗೂಡಿನಲ್ಲಿ.

ಅಲ್ಲಿರುವುದು ನಮ್ಮ ಸೋದರತ್ತೆ, ಚಿಕ್ಕಪ್ಪನ ಒಬ್ಬಳೇ ಅಕ್ಕ. ಅವರಿಬ್ಬರ ನಡುವೆ ಮಾತು ನಿಂತು ಹತ್ತು ವರ್ಷದ ಮೇಲಾಗಿತ್ತು. ಕಾರಣ ಏನು ಗೊತ್ತೇ? ತೊಂಬತ್ತರ ದಶಕದಲ್ಲಿ ಹಾಸನದ ಮನೆಯ ಗೃಹಪ್ರವೇಶಕ್ಕೆ ಚಿಕ್ಕಪ್ಪ ಒಡಹುಟ್ಟಿದ ಅಕ್ಕನಿಗೆ ಪೋಸ್ಟಿನಲ್ಲಿ ಕಾಗದ ಕಳಿಸಿದ್ದರು! ಲ್ಯಾಬಿನಲ್ಲಿ ಪುರುಸೊತ್ತು ಇರಲಿಲ್ಲವಂತೆ. ಅತ್ತೆ ಬರಲಿಲ್ಲ. "ಸ್ಟಾಂಪ್ ಅಂಟ್ಸಿ ಕರ್ಯಕ್ಕೆ ನಾನೇನ್ ಕರೆಂಟ್ ಆಫೀಸಾ?" ಎಂದರು. "ಅಕ್ಕ ಬರದೆ ಅವಮಾನ ಮಾಡಿದಳು" ಎಂದು ಇವರು. ಅಲ್ಲಿಗೆ ಬಾಗಿಲು ಬಂದ್. ಜಿನೀವಾದವರಿಗೆ ಪೋಸ್ಟಿನ ಪಾಠ ಹೇಳಿದವರು ಇವರೇ ನೋಡಿ!

ನಾನು ಹೋದಾಗಲೆಲ್ಲ ಅತ್ತೆ ಮೊದಲು, 'ಕಪೀಶ' ಎಂದು ಕರೆದು ನನ್ನ ಓದಿನ ವಿಚಾರಕ್ಕೆ ಬೈಯುತ್ತಿದ್ದರು. ಆಮೇಲೆ ಒಳಗೆ ಹೋಗಿ, ಒಲೆಯ ಮುಂದೆ ಕೂತು, ನನ್ನ ಮುಖ ನೋಡದೆ, "ಎಲ್ಲಿ, ಅವನಂಗೆ ಒಸಿ ಮಾತಾಡ್ಲಾ" ಎನ್ನುತ್ತಿದ್ದರು. ನಾನು ನಡುಮನೆಯಿಂದ ಚಿಕ್ಕಪ್ಪನ ದನಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಒಳಗಿಂದ ನಗು ಬರುತ್ತಿತ್ತು. ಒಂದೊಂದು ಸಲ ನಗು ನಿಂತಮೇಲೂ, "ಇನ್ನೊಂದ್ಸಲ ಏಳು" ಎನ್ನುತ್ತಿದ್ದರು. ನನ್ನ ಪ್ರತಿಭೆಗೆ ಮರುಳಾಗಿದ್ದಾರೆ ಎಂದುಕೊಂಡಿದ್ದೆ ನಾನು. ಎಂಥ ಪೆದ್ದ!

ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವವಳು ಸೋದರತ್ತೆ. ಮಗಳು ಒಂದೇ ಮಾತು ಹೇಳಿದಳು: "ಅತ್ತೆ ಬರ್ಲಿಲ್ಲ ಅಂದ್ರೆ ನಾನು ಅರಿಶಿನಕ್ಕೆ ಕೂರೋದೇ ಇಲ್ಲ ಅಪ್ಪ." ಎಷ್ಟೋ ದೇಶಗಳ ಮಂತ್ರಿಗಳನ್ನು ದಾರಿಗೆ ತಂದ ಮನುಷ್ಯ ಎರಡು ದಿನ ಮನೆಯಲ್ಲಿ ಬೆವರುತ್ತಾ ಓಡಾಡಿದರು. ಮೂರನೆಯ ದಿನ ನನ್ನನ್ನು ಕರೆಸಿ, "ಅಕ್ಕನ ಮನೆಗೆ ಹೋಗಿಬರೋಣ, ನಡಿ" ಎಂದರು.

ಅರಕಲಗೂಡಿನ ಬಸ್ಸಿನಲ್ಲಿ ಕೂತ ತಕ್ಷಣ ಕರಡು ಶುರು. ಗೊರೂರು ದಾಟುವಷ್ಟರಲ್ಲಿ ಮೂರು ಹರಿದು ನಾಲ್ಕನೆಯದಕ್ಕೆ ಬಂದಿದ್ದರು.

"'ನಡೆದುಹೋದದ್ದಕ್ಕೆ ವಿಷಾದಿಸುತ್ತೇನೆ' ಅಂದ್ರೆ ಸಾಕಲ್ವೇನೋ?"

"ದೇಶಕ್ಕಾದ್ರೆ ಸಾಕು ಚಿಕ್ಕಪ್ಪ, ಅಕ್ಕಂಗೆ ಸಾಲಲ್ಲ."

"'ಎರಡೂ ಕಡೆಯಿಂದ ಆದ ಲೋಪ' ಅಂತ ಸೇರಿಸ್ಲಾ?"

"ಸೇರ್ಸಿ. ವಾಪಸ್ ಬರೋ ಬಸ್ ಎಷ್ಟೊತ್ತಿಗೆ ಅಂತಾನೂ ಈಗ್ಲೇ ಕೇಳ್ಕೊಳ್ಳಿ."

ಚಿಕ್ಕಪ್ಪ ಕರಡನ್ನು ಮಡಿಸಿ ಜೇಬಿಗಿಟ್ಟರು.

ಅತ್ತೆಯ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು. ಚಿಕ್ಕಪ್ಪ ಚಪ್ಪಲಿ ಬಿಟ್ಟು, ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲ ಬಳಿ ನಿಂತರು. ಜೇಬಿಗೆ ಕೈ ಹಾಕಿದರು, ಕರಡು ತೆಗೆಯಲಿಲ್ಲ. ಗಂಟಲು ಕೆರೆದರು. "ಮಾನ್ಯರೇ" ಬರಲಿಲ್ಲ.

"ಅಕ್ಕಾ," ಎಂದರು. "ಕರ್ಯಕ್ಕೆ ಬಂದಿದೀನಿ."

ಒಳಗಿನಿಂದ ಅತ್ತೆ ಕೂಗಿದರು: "ಬಂದ್ಯೇನ್ಲಾ ಕಪೀಶ! ಇವತ್ಯಾಕೋ ಸರ್ಯಾಗಿ ಬತ್ತಿಲ್ಲ ಕಣ್ಲಾ. ನನ್ ತಮ್ಮನ್ ದನಿ ಇಂಗೆ ನಡುಗಾಕಿಲ್ಲ."

ಚಿಕ್ಕಪ್ಪ ನನ್ನ ಕಡೆ ತಿರುಗಿ ನೋಡಿದರು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ, ನನ್ನದೂ.

"ಇನ್ನೊಂದ್ಸಲ ಏಳು," ಎಂದರು ಅತ್ತೆ.

"ಅಕ್ಕಾ," ಎಂದರು ಚಿಕ್ಕಪ್ಪ.

ಒಳಗೆ ಪಾತ್ರೆಯ ಸದ್ದು ನಿಂತಿತು.