ಎಳೆದೇ ತೀರುವ ಟ್ರಕ್ಕು

"ನನ್ನ ಪಿಕಪ್ ಟ್ರಕ್ಕು ಎಳೆಯಲಾಗದ ಟ್ರೇಲರ್ ಈ ವಯೋಮಿಂಗ್ ರಾಜ್ಯದಲ್ಲಿ ಇನ್ನೂ ಹುಟ್ಟಿಲ್ಲ!"

ಭಾವಮೈದ ಡಾರೆಲ್‌ನ ಮನೆಯಂಗಳದಲ್ಲಿ, ಕೈಯಲ್ಲಿ ಬರ್ಗರ್ ಹಿಡಿದು, ಲೈಲ್ ಹೀಗೆಂದು ಘೋಷಿಸಿಬಿಟ್ಟ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಇಡೀ ಬಳಗ ಗುಡ್ಡದಾಚೆಯ ಸರೋವರದ ದಂಡೆಯಲ್ಲಿ ಬೀಡುಬಿಡುವುದು ರೂಢಿ. ಈ ಸಲ ಅಲ್ಲಿಗೆ ಗಾಲಿಗಳ ಮೇಲಿನ ಮನೆಯಂಥ ಸ್ವಂತ ಟ್ರೇಲರ್ ಎಳೆದುಕೊಂಡು ಬರದಿದ್ದರೆ ತಾನು ಲೈಲೇ ಅಲ್ಲ!

ಅಂಗಡಿಯಲ್ಲಿ ಹೆಂಡತಿ ಮಾರ್ಲಿಸ್ ಪುಟ್ಟದೊಂದನ್ನು ತೋರಿಸಿದಳು. "ಇದು ಸಾಕಲ್ವಾ?"

"ಇದಾ? ಇದನ್ನ ನಮ್ಮ ನಾಯೀನೇ ಎಳೆಯುತ್ತೆ!"

ಆತ ಆರಿಸಿದ್ದು ಎರಡು ಕೋಣೆ, ಸೋಫಾ, ಗೋಡೆಯಲ್ಲೊಂದು ಬೆಂಕಿಗೂಡು ಇದ್ದ ಅರಮನೆಯನ್ನು.

"ಎಷ್ಟು ಭಾರ ತಡೆಯುತ್ತೆ ಅಂತ ಟ್ರಕ್ಕಿನ ಬಾಗಿಲಿಗೆ ಅಂಟಿಸಿರೋ ಚೀಟಿ ಓದಿದ್ಯಾ? ಕೂರೋ ಜನ, ನಾಯಿ, ಸಾಮಾನು, ಕೊಂಡಿ ಮೇಲೆ ಬೀಳೋ ಭಾರ, ಎಲ್ಲಾ ಸೇರಿಸಿ ಲೆಕ್ಕ ಹಾಕ್ಬೇಕಂತೆ."

"ಚೀಟಿ ಬರೆದವನು ಪುಕ್ಕಲ, ಬಿಡು! ಎಳೆಯುತ್ತೆ ಅಂತ ಜಾಹೀರಾತಲ್ಲೇ ಇದೆ."

ಜಾಹೀರಾತಿನ ಟ್ರಕ್ಕಿನಲ್ಲಿ ಕೂತಿದ್ದವನು ಒಬ್ಬನೇ ಒಬ್ಬ ಸಣಕಲ ಡ್ರೈವರ್, ಹಿಂದಿದ್ದದ್ದು ಖಾಲಿ ಡಬ್ಬ ಎಂಬುದು ಮಹಾಶಯನ ತಲೆಗೆ ಹೋಗಲೇ ಇಲ್ಲ.

ಹೊರಟ ದಿನ ಟ್ಯಾಂಕಿನ ತುಂಬ ನೀರು, ಕಬ್ಬಿಣದ ಬಾಣಲೆಗಳು, ಸೌದೆ, ಜನರೇಟರ್, ಐಸ್ ಪೆಟ್ಟಿಗೆ! ಟ್ರಕ್ಕಿನ ಹಿಂಭಾಗ ಕುಸಿದು ಮೂಗು ಆಕಾಶಕ್ಕೆದ್ದಿತು. ಗುಡ್ಡದ ಏರಿನಲ್ಲಿ ಏದುಸಿರು ಬಿಡುತ್ತ ತೆವಳಿ, ಕೊನೆಗೆ ರಸ್ತೆ ಬದಿಯಲ್ಲಿ ನಿಂತೇಬಿಟ್ಟಿತು.

"ವಾಪಸ್ ಹೋಗೋಣ್ವಾ?" ಎಂದಳು ಮಾರ್ಲಿಸ್.

"ಸತ್ರೂ ಇಲ್ಲ! ನೀರು ಚೆಲ್ಲು!"

ನೀರು ಚೆಲ್ಲಿದ್ದಾಯಿತು, ಸೌದೆ ಇಳಿಸಿದ್ದಾಯಿತು. ಟ್ರಕ್ಕು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಡಾರೆಲ್ ಬಂದು ತನ್ನ ದೈತ್ಯ ಟ್ರಕ್ಕು ನಿಲ್ಲಿಸಿದ.

"ಭಾವ, ನಾನು ಎಳೀಲಾ?"

"ಟ್ರೇಲರ್ ಮುಟ್ಟಿದ್ರೆ ಕೈ ಮುರೀತೀನಿ! ಬೇಕಾದ್ರೆ ಸಾಮಾನು ತಗೊಂಡು ಹೋಗು."

ಸೌದೆ, ಬಾಣಲೆ, ಜನರೇಟರ್, ಹಾಸಿಗೆ, ನಾಯಿ ಎಲ್ಲವೂ ಡಾರೆಲ್‌ನ ಟ್ರಕ್ಕು ಸೇರಿದವು. ಆಮೇಲೆ ಲೈಲ್ ಮೆಲ್ಲಗೆ ಹೆಂಡತಿಯ ಕಡೆ ನೋಡಿದ.

"ಏನು ಹಾಗೆ ನೋಡ್ತೀಯ?"

"ಅಲ್ಲ... ನೀನೂ ಸ್ವಲ್ಪ..."

"ನಾನೂ ಸ್ವಲ್ಪ ಏನು?!"

ಬಾಗಿಲು ದಡಾರನೆ ಬಡಿಯಿತು. ಮಾರ್ಲಿಸ್ ಹೋಗಿ ತಮ್ಮನ ಪಕ್ಕ ಕೂತಳು.

ಸರೋವರದ ದಂಡೆಯಲ್ಲಿ ಬಳಗದ ಊಟ ಮುಗಿಯುತ್ತ ಬಂದಾಗ ಹಾರ್ನ್ ಬಾರಿಸುತ್ತ ಲೈಲ್ ಬಂದ. ಹಿಂದೆ ಟ್ರೇಲರ್ ಗಡಗಡ ಎನ್ನುತ್ತಿತ್ತು. ಒಳಗೆ ಒಂದು ದಿಂಬೂ ಇಲ್ಲ! ಆದರೂ ಎದೆಯುಬ್ಬಿಸಿ ಕೆಳಗಿಳಿದ.

"ನೋಡ್ರೋ, ಎಳೆದೇಬಿಟ್ಟೆ! ಯಾರೋ ಅದು ಆಗಲ್ಲ ಅಂದೋರು?"

ಮಾರ್ಲಿಸ್ ನಾಯಿಗೆ ಸಾಸೇಜ್ ಹಾಕುತ್ತ, ತಲೆ ಕೂಡ ಎತ್ತದೆ ಹೇಳಿದಳು:

"ಭೇಷ್! ಮುಂದಿನ ವರ್ಷ ನೀನೂ ಇಳಿದುಬಿಡು ಮಾರಾಯ. ಟ್ರಕ್ಕಿಗೆ ಇನ್ನೂ ಹಗುರ ಆಗುತ್ತೆ."